ಧೌಲಿಯ ಬಾಗಿಲು

"ಇಳಿಸ್ರಪ್ಪಾ, ಇಳಿಸ್ರಿ. ಪಾದ ನದಿ ಕಡೆಗಿರ್ಲಿ," ಎಂದ ಮುದುಕ ಕಲಮ್ ಸಿಂಗ್.

"ಯಾವ ನದಿ, ಕಾಕಾ?" ಹಿಂದಿನಿಂದ ಯಾರೋ ಕೇಳಿದರು. ಯಾರೂ ನಗಲಿಲ್ಲ.

ದರ್ವಾನ್ ಸಿಂಗ್ ತಾಯಿಯ ಚಟ್ಟದಿಂದ ಹೆಗಲು ತೆಗೆದ. ಮುಂದೆ ಬರೀ ಒಣ ಬಂಡೆಗಳು. ಹಿಮದ ಬಾಯಲ್ಲಿ ಹುಟ್ಟಿ ಹಾಲಿನಂತೆ ಭೋರ್ಗರೆದು ಬರುತ್ತಿದ್ದ ಧೌಲಿ, ಈಗ ಮೇಲಿನ ವಿದ್ಯುತ್ ಅಣೆಕಟ್ಟೆಯ ಬಳಿ ಸುರಂಗ ಹೊಕ್ಕು, ಮೂರು ಊರುಗಳಾಚೆ ಹೊರಬೀಳುತ್ತಿತ್ತು. ಬೇಸಿಗೆಯಲ್ಲಿ ಹಿಮ ಕರಗಿ ಕಟ್ಟೆ ತುಂಬುವವರೆಗೆ ಈ ಮಸಣಕ್ಕೆ ಹನಿ ನೀರಿಲ್ಲ. ಆ ಕಟ್ಟೆಯ ಬಾಗಿಲು ಕಾಯುವವನು ದರ್ವಾನನೇ.

ಪ್ರತಿ ಮನೆಯವನೂ ಒಂದೊಂದು ದೇವದಾರು ಸೌದೆ ತಂದು ಹಾಕಿದ. ಕೊನೆಗೆ ಬಂದ, ದರ್ವಾನನನ್ನು ಅಣ್ಣ ಎನ್ನುತ್ತಿದ್ದ ನೆರೆಮನೆಯ ಉಮೇದನ ಹೆಗಲ ಮೇಲೆ ತಾಮ್ರದ ಕೊಡವೂ ಇತ್ತು. ದರ್ವಾನನ ಅಮ್ಮನ ಕೊಡ.

"ಒರತೆಯಿಂದ ತಂದೆ, ಭೈಜಿ. ಮೀಯಿಸೋಕೆ ನೀರು ಬೇಕಲ್ಲ," ಎಂದ ಉಮೇದ್. "ಈ ಚಳಿಗಾಲ ಪೂರ್ತಿ, ಯಾರು ಸತ್ರೂ ದೊಡ್ಡಮ್ಮನೇ ತರ್ತಿದ್ರು. ಹೆಂಗಸರು ಮಸಣಕ್ಕೆ ಬರೋ ಹಾಗಿಲ್ಲ ಅಂತ ಆ ತಿರುವಲ್ಲಿ ಇಟ್ಟು ಹೋಗೋರು. ನಮ್ಮಪ್ಪನಿಗೂ ಅವರೇ."

"ನಿಂಗೆ ಗೊತ್ತಿರ್ಲಿಲ್ವೇನೋ?" ಕಲಮ್ ಸಿಂಗ್ ದರ್ವಾನನನ್ನು ನೋಡಿದ.

\* \* \*

ಪುಷ್ಯಮಾಸದಲ್ಲಿ, ಅಪ್ಪ ಸತ್ತ ದಿನ, ಉಮೇದ್ ಟೋಪಿ ಕೈಯಲ್ಲಿ ಹಿಡಿದು ಕಟ್ಟೆಯ ಮುಂದೆ ನಿಂತಿದ್ದ.

"ಒಂದು ಗಳಿಗೆ ನೀರು ಬಿಡು ಭೈಜಿ. ಅಪ್ಪನ ಪಾದ ನೆನೆದ್ರೆ ಸಾಕು."

"ನಿಯಮ ಅಂದ್ರೆ ನಿಯಮ. ನಮ್ಮಮ್ಮ ಸತ್ರೂ ಬಿಡೋ ಹಾಗಿಲ್ಲ."

ಅಂದು ಸಂಜೆ ಅಮ್ಮ ಒದ್ದೆ ಹೆಗಲಿನಲ್ಲಿ ಒಲೆಯ ಮುಂದೆ ಕೂತಿದ್ದಳು.

"ಈ ವಯಸ್ಸಲ್ಲಿ ಯಾಕಮ್ಮ ಕೊಡ ಹೊರ್ತೀಯ? ಸೊಸೆ ಇಲ್ವಾ?"

"ಮಗ ಹಾಕಿದ ಬೀಗಕ್ಕೆ ಸೊಸೆ ಯಾಕೋ ನೀರು ಹೊರಬೇಕು?" ಎಂದು ಅವಳು ಅವನ ತಟ್ಟೆಗೆ ರಾಗಿರೊಟ್ಟಿ ಹಾಕಿದಳು.

ಅವನು ತಿಂದ. ತನ್ನ ನಾಚಿಕೆಯನ್ನು ಇನ್ನೊಬ್ಬರ ಹೆಗಲಿಗೆ ದಾಟಿಸಿದವನಿಗೆ ಊಟ ಸೇರದೇನು!

\* \* \*

ಉಮೇದ್ ಕೊಡ ಬಗ್ಗಿಸುವಷ್ಟರಲ್ಲಿ ಮೇಲೆ ಸೈರನ್ ಕೂಗಿತು. ಬೆನ್ನಲ್ಲೇ ದರ್ವಾನನ ಫೋನು. ಕಟ್ಟೆಯ ಜೊತೆಗಾರನ ದನಿ ಎಲ್ಲರಿಗೂ ಕೇಳಿಸಿತು: "ಸ್ವಲ್ಪ ಬಿಟ್ಟಿದೀನಿ ಭಾಯಿ. ನಮ್ಮವರ ಅಮ್ಮನಿಗೆ ಇಷ್ಟೂ ಮಾಡ್ದಿದ್ರೆ ಹೇಗೆ? ಸಾಹೇಬ್ರೂ ಹೂಂ ಅಂದ್ರು."

ಬೂದುಬಿಳುಪು ನೀರು ಬಂಡೆಗಳ ನಡುವೆ ನುಸುಳಿ ಬಂದು ಮುದುಕಿಯ ಪಾದ ತೋಯಿಸಿತು.

"ಹಾಗಾದ್ರೆ ತೆಗೆಯೋಕೆ ಬರುತ್ತೆ," ಎಂದ ಕಲಮ್ ಸಿಂಗ್.

ಉಮೇದ್ ಕೊಡ ಕೆಳಗಿಟ್ಟು, ಇಳಿಜಾರಿನಲ್ಲಿ ತನ್ನ ಅಪ್ಪನನ್ನು ಸುಟ್ಟ ಕಪ್ಪು ಬಂಡೆಯ ಬಳಿ ಹೋಗಿ ನಿಂತ. ಪುಷ್ಯದ ಬೂದಿ ಇನ್ನೂ ಕಲ್ಲಿಗಂಟಿಕೊಂಡಿತ್ತು. ನೀರು ಅದರತ್ತ ಹರಿಯಿತು. ಇನ್ನೊಂದು ಮೊಳ ಉಳಿದಿತ್ತು. ಅಷ್ಟರಲ್ಲಿ ಸಣ್ಣದಾಗಿ, ಮರಳಿನಲ್ಲಿ ಇಂಗಿತು. ಮೇಲೆ ಬಾಗಿಲು ಮುಚ್ಚಿಯಾಗಿತ್ತು.

"ಅಮ್ಮನ್ನ ಚಿತೆಗೆ ಎತ್ತೋಣ ಬಾರಪ್ಪ, ಹೊತ್ತಾಯ್ತು," ಎಂದ ಕಲಮ್ ಸಿಂಗ್.

ದರ್ವಾನ್ ಚಟ್ಟದ ಕಡೆ ಬರಲಿಲ್ಲ. ಅಮ್ಮನ ಕೊಡವನ್ನು ಹೆಗಲಿಗೇರಿಸಿ, ಆ ಬೂದಿಗೆ ನೀರೆರೆಯಲು ಬರಿಗಾಲಲ್ಲಿ ಕಪ್ಪು ಬಂಡೆಯತ್ತ ನಡೆದ. ಉಮೇದ್ ದಾರಿ ಬಿಡಲಿಲ್ಲ. ದರ್ವಾನ್ ಅವನೆದುರು ಹಾಗೆಯೇ ನಿಂತ. ತುಂಬಿದ ಕೊಡ ತುಳುಕಿ ಅವನ ಹೆಗಲು ಒದ್ದೆಯಾಗುತ್ತಿತ್ತು.