ಹೈದರಾಬಾದಿನ ಬ್ಯಾಟರಿ

ವಿಧವೆಯಾಗಿ ಮನೆಯೊಳಗೇ ಕೂತ ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಮುಗಿಸಿ ಹಸೀನಾಬೀ ಹೊಸ್ತಿಲು ದಾಟಿದಾಗ ಹೆಗಲಿಗೆ ಹಾಕಿಕೊಂಡದ್ದು ಕ್ಯಾಮರಾ. ಗಂಡ ಅಮೀನ್‌ಸಾಬ್ ಮಣ್ಣಾದಾಗಿನಿಂದ ಅದೂ ಅವಳ ಜೊತೆಗೇ ಗೂಡಿನಲ್ಲಿ ಇದ್ದತ್ ಕೂತಿತ್ತು. ಬೆನ್ನಿನ ಗುಂಡಿ ಒತ್ತಿದರೆ ಹಸಿರು ದೀಪ ಹತ್ತಬೇಕು. ಹತ್ತಲಿಲ್ಲ. ಬ್ಯಾಟರಿ ಸತ್ತಿತ್ತು.

ಇದು ತೊಂಬತ್ತಮೂರರ ಮಾತು. ಆಗ ಮಸ್ಕಿಯಲ್ಲಿ ಫೋಟೊ ಅಂದರೆ ಅಮೀನ್‌ಸಾಬರ ಸ್ಟುಡಿಯೋ. ಗಂಡಸರನ್ನು ಅವರು ತೆಗೆಯುತ್ತಿದ್ದರು. ಗೋಷಾ ಪಾಲಿಸುವ ದೊಡ್ಡ ಮನೆಗಳಲ್ಲಿ ಹೆಂಗಸರು ಪರಪುರುಷರ ಮುಂದೆ ಬರುತ್ತಿರಲಿಲ್ಲ. ಅಲ್ಲಿ ಒಳಮನೆಗೆ ಹೋಗುವವಳು ಹಸೀನಾಬೀ. ಅವಳ ಕೈಗೆ ಗಂಡ ಕೊಟ್ಟಿದ್ದು ಈ ಹಳೆಯ ಜಪಾನಿ ಕ್ಯಾಮರಾ. ಬೆಳಕನ್ನು ಅದೇ ಅಳೆಯುತ್ತಿತ್ತು, ಇವಳು ಗುಂಡಿ ಒತ್ತಿದರಾಯಿತು. ಯಾರಾದರೂ ಹೊಗಳಿದರೆ, "ನಾನೇನ್ ಮಾಡ್ತೀನ್ರೀ, ಎಲ್ಲಾ ಡಬ್ಬೀನ ಮಾಡ್ತದ" ಅನ್ನುವಳು. ಅನ್ನುವುದಷ್ಟೇ ಅಲ್ಲ, ಹಾಗೇ ನಂಬಿದ್ದಳು, ಪೆದ್ದಿ.

ಅದರ ಬ್ಯಾಟರಿ ಮಾತ್ರ ಸುತ್ತಲಿನ ಊರಲ್ಲೆಲ್ಲೂ ಸಿಗುತ್ತಿರಲಿಲ್ಲ. ವರ್ಷಕ್ಕೊಮ್ಮೆ ಅಮೀನ್‌ಸಾಬ್ ಕ್ಯಾಮರಾ ಎತ್ತಿಕೊಂಡು ಹೈದರಾಬಾದಿಗೆ ಹೋಗುವರು. ಮರುದಿನ ಬರುವಾಗ ಕೈಯಲ್ಲಿ ಚಾರ್‌ಮಿನಾರಿನ ಒಂದು ಡಜನ್ ಬಳೆ. "ಆಬಿಡ್ಸ್‌ನಾಗ ಒಂದೇ ಅಂಗಡ್ಯಾಗ ಸಿಗ್ತದ ನೋಡು. ನೀ ಮಾತ್ರ ಇದರ ಹೊಟ್ಟಿ ಬಿಚ್ಚಬ್ಯಾಡ" ಎಂದು ಪ್ರತಿ ಸಲವೂ ತಾಕೀತು ಮಾಡುವರು.

ಈಗ ಬರುವ ಸೋಮವಾರ ಸಂತೆಕಲ್ಲೂರಿನ ದೊಡ್ಡಮನೆಯ ಯಜಮಾನಿ ಗದ್ದೆಮ್ಮನ ಮೊಮ್ಮಗಳ ಮದುವೆ. ಒಳಮನೆಯ ಫೋಟೊ ಹಸೀನಾಬೀಯೇ ತೆಗೆಯಬೇಕೆಂದು ಹೇಳಿ ಕಳಿಸಿದ್ದರು. ಇದೊಂದು ತಪ್ಪಿದರೆ ಸ್ಟುಡಿಯೋದ ಬಾಗಿಲು ಇನ್ನು ತೆರೆಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆ ಜಾಗದಲ್ಲಿ ಗೊಬ್ಬರದ ಅಂಗಡಿ ಇಡಲು ಮೈದುನ ಆಗಲೇ ಗೋಡೆ ಅಳೆದು ಹೋಗಿದ್ದ.

ಮಸ್ಕಿಯ ರೇಡಿಯೋ ಅಂಗಡಿಯವನು ಟಾರ್ಚಿನ ಸೆಲ್ ತೋರಿಸಿದ. ಲಿಂಗಸುಗೂರಿನ ಸ್ಟುಡಿಯೋದವನು ಕ್ಯಾಮರಾ ತಿರುಗಿಸಿ ನೋಡಿ, "ಇದರ ಸೆಲ್ ಮಾಡೋದ ನಿಂತೈತಮ್ಮ. ಶೋಕೇಸ್‌ನಾಗ ಇಟ್ಟು ಒಂದು ಹಾರ ಹಾಕ್ರಿ" ಎಂದು ನಕ್ಕ. ಗಂಡನನ್ನು ಕಳಕೊಂಡವಳ ಮುಂದೆ ಆಡುವ ಮಾತೇ ಅದು! "ಹಾರ ನಿನ್ನ ನಾಲಿಗಿಗೆ ಹಾಕ್ಕೋ" ಎಂದು ಕ್ಯಾಮರಾ ಕಿತ್ತುಕೊಂಡು ಹೊರಬಿದ್ದಳು. ಇನ್ನು ಹೈದರಾಬಾದೇ ಗತಿ.

ಆ ಬಸ್ಸು ಹಿಡಿಯಲು ಸಿಂಧನೂರಿಗೆ ಬಂದಾಗ ಬಸ್ಸಿಗೆ ಇನ್ನೂ ಎರಡು ತಾಸಿತ್ತು. ಬಸ್‌ಸ್ಟ್ಯಾಂಡಿನ ಎದುರಿನ ವಾಚ್ ರಿಪೇರಿ ಅಂಗಡಿಯಿಂದ ನರೆಗೂದಲಿನವರೊಬ್ಬರು ಅವಳ ಹೆಗಲನ್ನೇ ನೋಡುತ್ತಿದ್ದರು.

"ಅದು ಅಮೀನ್‌ಸಾಬರ ಡಬ್ಬಿ ಅಲ್ರೀ? ಹಂಗಾರ ನೀವು ಭಾಬಿ. ನಾನು ಹುಸೇನಪ್ಪ, ಅವರ ದೋಸ್ತ. ಮಣ್ಣಿಗೆ ಬರಾಕ ಆಗಲಿಲ್ಲ, ತಪ್ಪು ತಿಳೀಬ್ಯಾಡ್ರಿ. ಈಗ ಎಲ್ಲಿಗೆ ಹೊಂಟೀರಿ?"

"ಹೈದರಾಬಾದಿಗ್ರೀ ಅಣ್ಣಾರ. ಇದಕ್ಕ ಬ್ಯಾಟರಿ ತರಾಕ."

ಹುಸೇನಪ್ಪ ಕಣ್ಣೊರೆಸಿಕೊಂಡು ನಕ್ಕರು. ಕ್ಯಾಮರಾ ಇಸಿದುಕೊಂಡು, ಅದರ ಹೊಟ್ಟೆಯ ಕೆಳಗಿನ ಮುಚ್ಚಳಕ್ಕೆ ಎಂಟಾಣೆಯ ನಾಣ್ಯ ಹಾಕಿ ತಿರುವಿದರು.

"ಬಿಚ್ಚಬ್ಯಾಡ್ರೀ!" ಎಂದು ಇವಳು ಅನ್ನುವಷ್ಟರಲ್ಲಿ ಒಳಗಿದ್ದದ್ದು ಹೊರಗೆ ಬಿತ್ತು. ಬ್ಯಾಟರಿಯಲ್ಲ. ದಪ್ಪ ಕಾಗದದ ಸುರುಳಿ. ಅದರೊಳಗೆ ಒಂದರ ಮೇಲೊಂದು ನಾಲ್ಕು ವಾಚಿನ ಗುಂಡಿ ಸೆಲ್ಲು, ತುದಿಗೊಂದು ಟಾರ್ಚಿನ ಸ್ಪ್ರಿಂಗು.

"ನಿಮ್ಮ ಹೈದರಾಬಾದ್ ಇದ ನೋಡ್ರಿ ಭಾಬಿ, ನನ್ನ ಅಂಗಡಿ. ಖರೇ ಬ್ಯಾಟರಿ ಸಿಗೋದು ನಿಂತು ಆರು ವರ್ಷ ಆತು. ಇಲ್ಲಿ ನಾಕು ಸೆಲ್ ಹಾಕಿಸ್ಕೊಂಡು, ರಾತ್ರಿ ನಮ್ಮನ್ಯಾಗ ಉಂಡು ಮಲಗಿ, ಮುಂಜಾನೆ ಮಸ್ಕಿ ಬಸ್ ಹತ್ತತಿದ್ರು."

"ಮತ್ತ ಬಳಿ?"

"ಪಕ್ಕದ ಅಂಗಡ್ಯಾಗ."

ಚಾರ್‌ಮಿನಾರಿನ ಬಳೆ ಎಂದು ಇಡೀ ಓಣಿಗೆ ಕೈ ಕುಣಿಸಿ ತೋರಿಸಿದ್ದಳು! ಅವಳಿಗೆ ಸಿಟ್ಟು ನೆತ್ತಿಗೇರಿತು. "ಇಷ್ಟು ಸುಳ್ಳು ಯಾಕ ಹೇಳಿದ್ರಂತ?"

"ನಾನೂ ಕೇಳಿದ್ದೆ. 'ಆಕಿ ಡಬ್ಬೀನ ನಂಬ್ಯಾಳ, ತನ್ನ ಕಣ್ಣು ನಂಬವಲ್ಲಳು. ತ್ಯಾಪಿ ಹಾಕಿದ್ದು ಅಂತ ಗೊತ್ತಾದ್ರ ಕೈ ನಡುಗ್ತಾವ. ಈ ಸೆಲ್ಲಿನಾಗ ಡಬ್ಬಿ ಬೆಳಕಿನ ಲೆಕ್ಕ ಒಂಚೂರು ತಪ್ಪತದ, ಆಕಿ ತಾನ ಸರಿ ಮಾಡ್ಕೋತಾಳ. ಕಿಟಕಿ ಕಡೆ ಸರೀರಿ ಅಂತ ಡಬ್ಬಿ ಹೇಳ್ತದೇನು?' ಅಂದ್ರು."

ಹುಸೇನಪ್ಪ ಹಳೆಯ ಸೆಲ್ಲು ಉದುರಿಸಿ ಸುರುಳಿ ಬಿಡಿಸಿದರು. ಅದೊಂದು ಫೋಟೊ. ಬಿಳಿ ಅಂಗಿ, ಮೊಣಕಾಲ ಮೇಲೆ ಎರಡು ಕೈ, ಕುತ್ತಿಗೆಯಿಂದ ಮೇಲೆ ಏನೂ ಇಲ್ಲ. ಅವಳು ತೆಗೆದ ಮೊಟ್ಟಮೊದಲ ಫೋಟೊ, ಗಂಡನ ತಲೆಯನ್ನೇ ಹಾರಿಸಿದ್ದು. "ಒಲಿಗೆ ಹಾಕೀನಿ ಬಿಡು" ಎಂದು ಅಂದು ಅವರು ನಕ್ಕಿದ್ದರು. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಊರವರ ಮುಖವೆಲ್ಲ ತೆಗೆದ ಅಮೀನ್‌ಸಾಬರದು ಮನೆಯಲ್ಲಿ ಒಂದೂ ಫೋಟೊ ಇರಲಿಲ್ಲ. ಇದ್ದದ್ದು ಇದೊಂದೇ, ಇದರಲ್ಲೂ ಮುಖವಿಲ್ಲ. ಆದರೆ ಆ ಕೈಗಳನ್ನು ಅವಳು ಎಲ್ಲಿದ್ದರೂ ಗುರುತಿಸುವಳು. ಇದ್ದತ್ತಿನುದ್ದಕ್ಕೂ ಬಿಗಿಹಿಡಿದ ಅಳು ಆ ಗಡಿಯಾರಗಳ ನಡುವೆ ಬಂದುಬಿಟ್ಟಿತು.

"ಇದನ್ನ ನೀವು ಇಟ್ಕೋರಿ ಭಾಬಿ. ನಾ ಬ್ಯಾರೆ ಕಾಗದ ಸುತ್ತತೀನಿ."

ಅವಳು ಬಹಳ ಹೊತ್ತು ನೋಡಿದಳು. ಸೆರಗಿನಿಂದ ಫೋಟೊದ ಧೂಳು ಒರೆಸಿದಳು. "ಬ್ಯಾಡ್ರೀ ಅಣ್ಣಾರ. ಅದರಾಗ ಸುತ್ರಿ. ಅವರು ಇಟ್ಟಲ್ಲೇ ಇರಲಿ."

ಹೊಸ ಸೆಲ್ಲು ಕೂತವು. ಹಸಿರು ದೀಪ ಹತ್ತಿತು. ಅವಳು ಹೈದರಾಬಾದಿನ ಬಸ್ಸು ಬಿಟ್ಟು ಮಸ್ಕಿಯ ಬಸ್ಸು ಹತ್ತಿದಳು.

ಸೋಮವಾರ ಸಂತೆಕಲ್ಲೂರಿನ ಒಳಮನೆಯಲ್ಲಿ ಮದುಮಗಳು ತಲೆ ತಗ್ಗಿಸಿ ಕೂತಿದ್ದಳು. "ಕಿಟಕಿ ಕಡೆ ಸರಿಯವ್ವ" ಎಂದಳು ಹಸೀನಾಬೀ. ಅಂದದ್ದು ತಾನೇ ಎಂಬುದು ಅವಳಿಗೆ ಮೊದಲ ಸಲ ಕೇಳಿಸಿತು. ಕೈ ನಡುಗಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಗದ್ದೆಮ್ಮ ಕೇಳಿದಳು. "ಬ್ಯಾಟರಿ ಸಿಗವಲ್ದು ಅಂತ ಸುದ್ದಿ ಇತ್ತಲ್ಲಬೇ, ಎಲ್ಲಿ ಸಿಕ್ತು?"

ಹಸೀನಾಬೀ ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಕ್ಯಾಮರಾಕ್ಕೆ ಹಚ್ಚಿದಳು.

"ಹೈದರಾಬಾದಿನಾಗ್ರೀ ಅಮ್ಮಾರ. ಆಬಿಡ್ಸ್‌ನಾಗ ಒಂದೇ ಅಂಗಡ್ಯಾಗ ಸಿಗ್ತದ" ಎಂದು ಗುಂಡಿ ಒತ್ತಿದಳು.