ಗಡಿಯಾಚೆ ತಳ್ಳಿದ ದ್ವೀಪ

2017ರ ಆಗಸ್ಟ್ 9, ಬುಧವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಕಿಯೋಗ ಸರೋವರದ ಬುಕೇನ ದಡದಲ್ಲಿ ನೈಗಗ ಮೀಟರನ್ನು ನೀರಿಗಿಳಿಸಿದಳು. ಕರಗಿದ ಆಮ್ಲಜನಕ ಲೀಟರಿಗೆ 0.9 ಮಿಲಿಗ್ರಾಂ. ಮೀನು ಬದುಕುವ ನೀರಲ್ಲ ಅದು; ಐದರ ಹತ್ತಿರವಾದರೂ ಬೇಕು. ಜೊಂಡು ಹೆಣೆದುಕೊಂಡ ತೇಲುದ್ವೀಪವೊಂದು ಕೊಲ್ಲಿಯ ಬಾಯಿಗೆ ಅಡ್ಡ ಬಂದು ಕೂತಿತ್ತು. ಬುಕೇನದ ದೋಣಿಗಳೆಲ್ಲ ಒಳಗೇ ಸಿಕ್ಕಿಬಿದ್ದಿದ್ದವು.

ದ್ವೀಪ ಅವಳಿಗೆ ಹೊಸದಲ್ಲ. ಅದರ ಅಂಚಿನಲ್ಲಿ ನೇತಾಡುತ್ತಿದ್ದ ನೀಲಿ ಹಗ್ಗ ಅವಳೇ ಕಟ್ಟಿಸಿದ್ದು. ಬುಕೇನ ಕೌನ್ಸಿಲಿನ ಪರಿಸರ ಅಧಿಕಾರಿಯಾಗಿ ಮೇ ತಿಂಗಳಲ್ಲಿ ಗಾಳಿಯ ದಿಕ್ಕು ನೋಡಿ, ದೋಣಿಗಳಿಂದ ಎಳೆಸಿ, ಅದನ್ನು ಬುಕೇನದ ಗಡಿಯಾಚೆ ಬಿಡಿಸಿದ್ದಳು. ಈ ದಡಗಳಲ್ಲಿ ಎಲ್ಲರೂ ಮಾಡುವುದು ಅದನ್ನೇ. ಅವಳು ಮಾತ್ರ ವಿಜ್ಞಾನ ಓದಿ ಮಾಡಿದಳು. ದ್ವೀಪ ಪಕ್ಕದ ಕಿತುಬೊ ದಡಕ್ಕೆ ಬಡಿಯಿತು. ಇಲ್ಲಿ ಬುಕೇನದ ಸಭೆಯಲ್ಲಿ ಅವಳಿಗೆ ಚಪ್ಪಾಳೆ ಬಿತ್ತು. ಈಗ ಗಾಳಿ ತಿರುಗಿತ್ತು.

ಹೊರಗಿನಿಂದ ಕಡಿಯದೆ ಬೇರೆ ದಾರಿಯಿರಲಿಲ್ಲ. ಹೊರಗೆ ಹತ್ತಿರದಲ್ಲಿ ದೋಣಿಗಳಿದ್ದದ್ದು ಕಿತುಬೊದವರಿಗೆ ಮಾತ್ರ. ಬಾಡಿಗೆ ಬೈಕಿನಲ್ಲಿ ಹೋದಾಗ ಅಲ್ಲಿನ ಕೌನ್ಸಿಲ್ ಅಧ್ಯಕ್ಷ, ಮುದುಕ ಬಲಿಕೋವ, ಅಂಗಳದಲ್ಲಿ ಬಲೆ ಹೊಲಿಯುತ್ತಿದ್ದ. ಹಿರಿಯರೆದುರು ಹೆಂಗಸರು ಮಾಡುವಂತೆ ಮಂಡಿಯೂರಿ ನಮಸ್ಕರಿಸಿ, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತು ಹೇಳಿದಳು.

"ದ್ವೀಪ ಗಾಳಿಗೆ ನಮ್ಮ ಕಡೆ ಬಂದುಬಿಟ್ಟಿದೆ, ತಾತ."

"ಗಾಳಿಗೆ ಹಗ್ಗ ಕಟ್ಟೋಕೂ ಬರುತ್ತೇನಮ್ಮ?"

ಮಂಡಿಯೂರಿದಲ್ಲೇ ಅವಳು ತಲೆ ತಗ್ಗಿಸಿದಳು.

"ನಾನೇ ತಳ್ಳಿಸಿದ್ದು."

"ಗೊತ್ತು. ಎರಡು ತಿಂಗಳು ಕಡಿದ್ವಿ, ಅರ್ಧವೂ ಮುಗೀಲಿಲ್ಲ. ನಾವೂ ನಮ್ಮಾಚೆಯ ಲುಗಾನ ದಡದ ಕಡೆ ತಳ್ಳಬಹುದಿತ್ತು. ಅಲ್ಲಿ ಹೆರಿಗೆ ಆಸ್ಪತ್ರೆಗೆ ಆ ದಡದ ನೀರೇ ಹೋಗೋದು. ಮನಸ್ಸು ಬರಲಿಲ್ಲ."

ಮೇ ತಿಂಗಳಲ್ಲಿ ಅವಳು ಗಾಳಿಯ ವೇಗ ಅಳೆದಿದ್ದಳು. ಕಿತುಬೊದವರು ಎಲ್ಲಿಯ ನೀರು ಕುಡಿಯುತ್ತಾರೆಂದು ಕೇಳಿರಲಿಲ್ಲ. ಮುದುಕ ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ದೋಣಿ ಕಳಿಸುತ್ತೇನೆ, ಆದರೆ ಇನ್ನು ಯಾರೂ ತಳ್ಳುವಂತಿಲ್ಲ, ಮೂರೂ ಕೌನ್ಸಿಲ್‌ನವರು ಸೇರಿ ಕಡಿದು ದಡಕ್ಕೆ ಹಾಕಬೇಕು ಎಂದ ಅವನು. ಅವಳಿನ್ನೂ ಕೂತೇ ಇದ್ದಳು.

"ಏಳಮ್ಮ. ಮಂಡಿಯೂರಿಕೊಂಡು ಜೊಂಡು ಕಡಿಯೋಕಾಗಲ್ಲ."

ಕಿತುಬೊದವರು ಹೊರಗಿನಿಂದ, ಬುಕೇನದವರು ಒಳಗಿನಿಂದ ಕಡಿದರು; ಲುಗಾನದವರು ಗರಗಸ ತಂದರು. ಎಳೆದುಹಾಕಿದ ಜೊಂಡು ಬಾಳೆಯ ಬುಡಕ್ಕೆ ಹೋಯಿತು. ಕಿತುಬೊದ ಹೆಂಗಸರು ಎಲ್ಲರಿಗೂ ಗೆಣಸು ಬೇಯಿಸಿ ತಂದರು; ನೈಗಗ ತನ್ನ ಪಾಲನ್ನು ಪಕ್ಕದವರಿಗೆ ದಾಟಿಸಿ ಮತ್ತೆ ಕಡಿಯಲು ಹೋದಳು. ಕೊನೆಯ ದಿನ ಬಲಿಕೋವ ನೀಲಿ ಹಗ್ಗವನ್ನು ಬಿಚ್ಚಿ, ಸುತ್ತಿ, ಅವಳ ಕೈಗಿಟ್ಟ.

ಮರುದಿನ ಅವಳು ಮೀಟರನ್ನು ತನ್ನ ದಡದಲ್ಲಿ ಇಳಿಸಲಿಲ್ಲ. ಎಂದೂ ಅಳೆಯದ ಕಿತುಬೊ ದಡಕ್ಕೆ ಹೋಗಿ, ಅಲ್ಲಿ ಮೊದಲು ಇಳಿಸಿದಳು. ಲೀಟರಿಗೆ 5.1 ಮಿಲಿಗ್ರಾಂ.