ಕಡೆಯ ಹನ್ನೊಂದು ಸೆಕೆಂಡು

ಹಾಡಿನ ಬಿಡುಗಡೆ ಸಂಜೆ ಆರಕ್ಕೆ. ಐದು ಗಂಟೆಗೆ ಸುಮೈರಾಗೆ ಹುಲಿಗೆಪ್ಪನ ಫೋನು ಬಂತು.

ಸಿಂಧನೂರು ಕಡೆಯ ಹುಲಿಗೆಪ್ಪ ಕುಕ್ ಟೌನಿನ ಖಾಲಿ ಬಂಗಲೆಯೊಂದರ ಕಾವಲುಗಾರ; ಹೆಂಡತಿಯೊಂದಿಗೆ ಅದರ ಹಿಂದಿನ ಕೋಣೆಯಲ್ಲೇ ವಾಸ. ಹೇಗೂ ಕೆಡವುವ ಮನೆ, ಯಾರಿಗೇನು ನಷ್ಟ ಎಂದು ಅವನನ್ನು ಪುಸಲಾಯಿಸಿ, ಸುಮೈರಾಳ ಪಾಪ್-ಪಂಕ್ ಬ್ಯಾಂಡು ತನ್ನ ಮೊದಲ ಹಾಡಿನ ವಿಡಿಯೋವನ್ನು ಅಲ್ಲೇ ತೆಗೆದಿತ್ತು. ಮಾಲೀಕರನ್ನು ಕೇಳಬೇಕೆಂಬ ಬುದ್ಧಿ ನಾಲ್ವರಲ್ಲಿ ಒಬ್ಬರಿಗೂ ಬರಲಿಲ್ಲ. ಹಾಡಿನ ಹೆಸರು ಬೇರೆ ‘ಗೇಟ್ ತೆಗಿ’.

“ಟೀಸರ್‌ನಾಗ ಮಾಲಕ್ರು ಮನಿ ಗುರ್ತು ಹಿಡ್ದಾರ್ರಿ,” ಎಂದ ಹುಲಿಗೆಪ್ಪ, ತಗ್ಗಿದ ದನಿಯಲ್ಲಿ. “ಗ್ವಾಡಿ ಹಾರಿ ಬಂದಿರಬೇಕು, ನಾವು ನೋಡಿಲ್ಲ ಅಂದೀನಿ. ನನ್ನ ಹೆಂಡ್ತಿ ಮಾರಿ ಕಂಡ್ರ ನಮ್ಮ ಖೋಲಿ ಹೋಗ್ತದ. ಆಕಿ ಇರೋದಷ್ಟು ತಗದ್ಬಿಡ್ರಿ. ಆಕಿಗೆ ಮಾತ್ರ ಹೇಳಬ್ಯಾಡ್ರಿ. ಸುಳ್ಳು ಆಕಿಗೆ ಆಗಂಗಿಲ್ಲ, ಮಾಲಕ್ರಿಗೆ ಖರೇನ ಹೇಳಿಬಿಡ್ತಾಳ.”

ಅವನ ಹೆಂಡತಿ ಹುಸೇನಮ್ಮ ಚಿತ್ರೀಕರಣದ ದಿನ ಪಾತ್ರೆ ತಿಕ್ಕುತ್ತಿದ್ದವಳು, ಡ್ರಮ್ಮಿನ ಸದ್ದಿಗೆ ಬಕೆಟ್ ಬೋರಲು ಹಾಕಿ ತಾನೂ ಬಡಿಯತೊಡಗಿದ್ದಳು, ಹಲ್ಲೆಲ್ಲ ಕಾಣುವಂತೆ ನಕ್ಕಿದ್ದಳು. ವಿಡಿಯೋ ಮುಗಿಯುವುದೇ ಆ ಹನ್ನೊಂದು ಸೆಕೆಂಡಿನ ನಗುವಿನಿಂದ. ಉಳಿದದ್ದು, ನಿಜ ಹೇಳಬೇಕೆಂದರೆ, ನಾಲ್ವರ ಕುಣಿದಾಟ ಅಷ್ಟೇ.

ಮರ್ಫಿ ಟೌನಿನಲ್ಲಿದ್ದ ಲಕ್ಷ್ಮಿಕಾಂತನ ಕೋಣೆಗೆ ಸುಮೈರಾ ಏದುಸಿರು ಬಿಡುತ್ತ ಬಂದಾಗ ಐದೂ ಇಪ್ಪತ್ತು. ಗಿಟಾರು ನುಡಿಸುವವನೂ ಅವನೇ, ಎಡಿಟರೂ ಅವನೇ.

“ಅದನ್ನ ತೆಗುದ್ರೆ ಇನ್ನೇನ್ ಉಳಿಯುತ್ತೆ ಮಗಾ? ಮುಖ ಬ್ಲರ್ ಮಾಡ್ತೀನಿ.”

“ಸೀರೆ ನೋಡಿದ್ರೂ ಗೊತ್ತಾಗುತ್ತೆ. ಅವ್ರ ಮನೆ ಹೋಗುತ್ತೆ ಗುರು, ಕಟ್ ಮಾಡು.”

“ಒಂದ್ ವರ್ಷದ ಕೆಲ್ಸ ಇದು. ನನ್ ಕೈಲಾಗಲ್ಲ, ನೀನೇ ಮಾಡ್ಕೋ.” ಅವನು ಲ್ಯಾಪ್‌ಟಾಪನ್ನು ಅವಳ ಕಡೆ ತಳ್ಳಿ ಗೋಡೆಗೆ ಮುಖ ಮಾಡಿ ನಿಂತ.

ಅವಳೇ ಕತ್ತರಿಸಿದಳು. ನಗು ಇದ್ದ ಕಡೆ ಬರೀ ಕಪ್ಪು ಪರದೆ ಉಳಿಯಿತು. ಹೊಸ ವಿಡಿಯೋ ಅಪ್‌ಲೋಡ್ ಆಗತೊಡಗಿತು, ಆಮೆಗತಿಯಲ್ಲಿ. ಐದೂ ಐವತ್ತೆಂಟಕ್ಕೆ ತೊಂಬತ್ತೆರಡು ಪರ್ಸೆಂಟ್. ಆರು ಹೊಡೆಯುವಷ್ಟರಲ್ಲಿ ಹೇಗೋ ದಡ ಸೇರಿತು. ಆದರೂ ಇಬ್ಬರಿಗೂ ಸಂತೋಷವೆನಿಸಲಿಲ್ಲ.

ಆರೂ ಹತ್ತಕ್ಕೆ ಹುಸೇನಮ್ಮನ ಫೋನು.

“ತಂಗಿ, ಎರಡು ಸರ್ತಿ ನೋಡಿದ್ವಿ. ನಾ ಎಲ್ಲೂ ಕಾಣ್ಲಿಲ್ಲ.”

“ಅದು... ಕ್ಯಾಮೆರಾ ಕೆಟ್ಟಿತ್ತಕ್ಕ.”

“ಅವತ್ತೇ ಕ್ಯಾಮೆರಾದಾಗ ನಂಗ ತೋರ್ಸಿದ್ರಲ್ಲ? ನಾ ಚಂದ ಇರ್ಲಿಲ್ಲೇನು?”

ನಿಜ ಹೇಳಿದರೆ ಈ ಹೆಂಗಸು ಈಗಲೇ ಮಾಲೀಕರ ಮುಂದೆ ಹೋಗಿ ನಿಲ್ಲುತ್ತಾಳೆ. ಸುಮೈರಾ ಕಣ್ಣು ಮುಚ್ಚಿಕೊಂಡಳು.

“ಹೌದಕ್ಕ,” ಎಂದಳು. “ಚೆನ್ನಾಗಿ ಬಂದಿರ್ಲಿಲ್ಲ.”

“ಆತು ಬಿಡು,” ಎಂದಳು ಹುಸೇನಮ್ಮ. “ಊರಾಗ ನಮ್ಮವ್ವ ಓಣಿ ಮಂದಿನೆಲ್ಲ ಕೂಡ್ಸ್ಕೊಂಡು ನೋಡಾಕತ್ಯಾಳ. ಆಕಿಗೆ ಏನಂತ ಹೇಳ್ಲಿ, ಅಷ್ಟು ಹೇಳಿಕೊಡು.”